ಚಕ್ರದ ನಟ್ಟು ಎರಡು ಸಲ ನೋಡಿ

(ತಾಳವಾಡಿ ಕಡೆಯ ಕಲಿಕಾ ಕೇಂದ್ರವೊಂದರಲ್ಲಿ ಗ್ಯಾರೇಜು ನಡೆಸುವ ಒಬ್ಬರು ಆಡಿದ ಮಾತು)



ನಾನು ಭಾಷಣ ಮಾಡುವವನಲ್ಲ. ಗಾಡಿ ರಿಪೇರಿ ಮಾಡುವವನು. ಇದೇ ಚಾಪೆಯ ಮೇಲೆ ಕೂತು ನಾನೂ ಅಕ್ಷರ ಕಲಿತೆ. ಆಗ ನನಗೆ ನಲವತ್ತು ದಾಟಿತ್ತು. ಅದಕ್ಕೇ ಮೇಷ್ಟ್ರು ಕರೆದಾಗ ಇಲ್ಲ ಅನ್ನಲು ಆಗಲಿಲ್ಲ. "ನಿನಗೆ ಚೆನ್ನಾಗಿ ಗೊತ್ತಿರೋ ಒಂದು ವಿಷಯ ಹೇಳಪ್ಪ, ಸಾಕು" ಅಂದರು. ನನಗೆ ಚೆನ್ನಾಗಿ ಗೊತ್ತಿರುವುದು ಚಕ್ರದ ನಟ್ಟು. ಅದರ ಬಗ್ಗೆಯೇ ಹೇಳುತ್ತೇನೆ.

"ನಮ್ಮ ಮನೇಲಿ ಕಾರಿಲ್ಲ, ಇದು ನಮಗ್ಯಾಕೆ?" ಅಂತ ಕೆಲವರು ಅಂದುಕೊಳ್ಳಬಹುದು. ಕಾರು ಇಲ್ಲದಿದ್ದರೂ ಕಾರಿನಲ್ಲಿ ಕೂರುತ್ತೇವೆ. ಮದುವೆಗೆ ಹೋಗುತ್ತೇವೆ. ಹೆರಿಗೆಗೆ ಹೋಗುತ್ತೇವೆ. ಕೋಸು, ಆಲೂಗಡ್ಡೆ ತುಂಬಿದ ಗಾಡಿಯಲ್ಲಿ ಮಂಡಿಗೆ ಹೋಗುತ್ತೇವೆ. ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿ ಇಳಿಯಲೇಬೇಕು. ಅಲ್ಲಿ 27 ತಿರುವು. ಆ ತಿರುವಿನಲ್ಲಿ ನಮ್ಮ ಜೀವ ನಾಲ್ಕು ಚಕ್ರದ ಮೇಲೆ ಇರುತ್ತದೆ. ಚಕ್ರ ನಟ್ಟಿನ ಮೇಲೆ ಇರುತ್ತದೆ.

ನಮ್ಮ ತಾತಂದಿರ ಕಾಲ ನೆನೆಸಿಕೊಳ್ಳಿ. ಎತ್ತಿನ ಗಾಡಿ ಕಟ್ಟುವಾಗ ಅವರು ಏನು ನೋಡುತ್ತಿದ್ದರು? ಕಡಾಣಿ ನೋಡುತ್ತಿದ್ದರು. ಅಚ್ಚಿನ ತುದಿಯಲ್ಲಿ ಇರುವ ಸಣ್ಣ ಕಬ್ಬಿಣದ ಕಡ್ಡಿ ಅದು. ಅದು ಬಿದ್ದರೆ ಚಕ್ರ ಕಳಚಿಕೊಳ್ಳುತ್ತದೆ. ಕಡಾಣಿಯನ್ನು ಕೈಯಲ್ಲಿ ಮುಟ್ಟಿ ನೋಡದೆ ಯಾರೂ ಗಾಡಿ ಹೊಡೆಯುತ್ತಿರಲಿಲ್ಲ. ಈಗ ಗಾಡಿ ಬದಲಾಯಿತು. ಕಡಾಣಿಯ ಜಾಗಕ್ಕೆ ನಟ್ಟು ಬಂತು. ಆದರೆ ಮುಟ್ಟಿ ನೋಡುವ ಅಭ್ಯಾಸ ಮಾತ್ರ ಹೋಯಿತು.

ನಾನು ಮಾಡಿದ ತಪ್ಪು

ಈಗ ಒಂದು ನಡೆದ ಸಂಗತಿ ಹೇಳುತ್ತೇನೆ. ಇದು ಬೇರೆಯವರ ತಪ್ಪಲ್ಲ. ನನ್ನ ತಪ್ಪು.

ಸುಮಾರು ಹದಿಮೂರು ವರ್ಷದ ಹಿಂದಿನ ಮಾತು. ನಮ್ಮೂರ ಒಬ್ಬ ಅಣ್ಣ ತಮ್ಮ ಓಮ್ನಿ ಗಾಡಿ ತಂದು ಬಿಟ್ಟರು. "ಬ್ರೇಕು ಸರಿಯಾಗಿ ಹಿಡೀತಿಲ್ಲ. ನಾಳೆ ಬಣ್ಣಾರಿಗೆ ಹರಕೆ ತೀರಿಸೋಕೆ ಹೋಗ್ಬೇಕು. ಇವತ್ತೇ ಮಾಡ್ಕೊಡು" ಅಂದರು. ನಾನು ಹಿಂದಿನ ಎರಡು ಚಕ್ರ ಬಿಚ್ಚಿದೆ. ಹೊಸ ಬ್ರೇಕ್ ಶೂ ಹಾಕಿದೆ. ಬಲಗಡೆ ಚಕ್ರ ಕೂರಿಸಿ ಬಿಗಿ ಮಾಡಿದೆ. ಎಡಗಡೆ ಚಕ್ರ ಕೂರಿಸಿದೆ. ನಾಲ್ಕು ನಟ್ಟನ್ನೂ ಕೈಯಲ್ಲಿ ತಿರುಗಿಸಿ ಹಾಕಿದೆ. ಸ್ಪ್ಯಾನರ್‌ನಲ್ಲಿ ಸ್ವಲ್ಪ ಬಿಗಿ ಮಾಡಿದೆ. ಜಾಕಿ ಇಳಿಸಿದೆ. ಇನ್ನು ಪೂರಾ ಬಿಗಿ ಮಾಡುವುದು ಬಾಕಿ ಇತ್ತು.

ಅಷ್ಟರಲ್ಲಿ ಒಂದು ಟೆಂಪೋ ಬಂತು. ಟೈರು ಪಂಚರ್. ತುಂಬ ಟೊಮೆಟೊ. "ಬೇಗ ಬಾಪ್ಪ, ಮಂಡಿಗೆ ಹೊತ್ತಾಯ್ತದೆ" ಅಂತ ಡ್ರೈವರ್ ಕೂಗಿದ. ನಾನು ಸ್ಪ್ಯಾನರ್ ಕೆಳಗಿಟ್ಟು ಅಲ್ಲಿಗೆ ಹೋದೆ. ಪಂಚರ್ ಹಾಕಿ ವಾಪಸ್ ಬಂದೆ. ಓಮ್ನಿ ನಾಲ್ಕು ಚಕ್ರದ ಮೇಲೆ ನಿಂತಿತ್ತು. ವೀಲ್ ಕ್ಯಾಪ್ ಹಾಕಿದೆ. ಕೆಲಸ ಮುಗಿಯಿತು ಅಂದುಕೊಂಡೆ. ಗಾಡಿ ಕೊಟ್ಟುಬಿಟ್ಟೆ.

ಮಾರನೇ ದಿನ ಬೆಳಿಗ್ಗೆ ಅವರ ಮನೆಯವರೆಲ್ಲ ಗಾಡಿ ಹತ್ತಿದರು. ಆ ಅಣ್ಣ, ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಕಾಡಿನ ದಾರಿಯಲ್ಲಿ ಹೋಗುವಾಗ ಹಿಂದೆ ಟಕ್ ಟಕ್ ಅಂತ ಸದ್ದು ಶುರುವಾಯಿತು. ಆ ಅಣ್ಣ "ಹೊಸ ಬ್ರೇಕು, ಸರಿಹೋಯ್ತದೆ" ಅಂದರಂತೆ. ತಾಯಿ ಬಿಡಲಿಲ್ಲ. "ಸದ್ದು ಬತ್ತಾದೆ ಕನಪ್ಪ. ಗಾಡಿ ನಿಲ್ಸು. ನೋಡಿ ಹೋಗವ" ಅಂದರಂತೆ. ದಿಂಬಂನಲ್ಲಿ ಗಾಡಿ ನಿಲ್ಲಿಸಿದರು. ಘಾಟಿ ಇಳಿಯುವ ಮೊದಲೇ ನಿಲ್ಲಿಸಿದರು. ಅದೇ ಪುಣ್ಯ.

ವೀಲ್ ಕ್ಯಾಪ್ ತೆಗೆದಾಗ ಮೂರು ನಟ್ಟು ಸಡಿಲ. ಒಂದು ನಟ್ಟು ಬೆರಳಲ್ಲೇ ತಿರುಗುತ್ತಿತ್ತು.

ನನಗೆ ಫೋನ್ ಬಂತು. ಬೈಕ್ ಹತ್ತಿ ಹೋದೆ. ಕೈ ನಡುಗುತ್ತಿತ್ತು. ಚಕ್ರ ಬಿಚ್ಚಿ ನೋಡಿದೆ. ಚಕ್ರದ ತೂತುಗಳು ಸರಿಯಾಗಿದ್ದವು. ಆದರೆ ಒಂದು ಸ್ಟಡ್ಡು ಸವೆದಿತ್ತು. ಸ್ಟಡ್ಡು ಅಂದರೆ ನಟ್ಟು ಕೂರುವ ಬೋಲ್ಟು. "ಇದನ್ನ ಬದಲಾಯಿಸದೆ ಘಾಟಿ ಇಳಿಸಬಾರದು ಅಣ್ಣ" ಅಂದೆ. ಅವರು ಬಸ್ಸಿನಲ್ಲಿ ಬಣ್ಣಾರಿಗೆ ಹೋದರು. ನಾನು ವಾಪಸ್ ಬಂದು ಹೊಸ ಸ್ಟಡ್ಡು, ಹೊಸ ನಟ್ಟು ತೆಗೆದುಕೊಂಡು ಹೋಗಿ ಹಾಕಿದೆ.

ಸಂಜೆ ಅವರು ಬಂದಾಗ ಕೈ ಮುಗಿದು ನಿಂತೆ. ಆ ಅಣ್ಣ ಬೈಯಲಿಲ್ಲ. ತಾಯಿಯೂ ಬೈಯಲಿಲ್ಲ. ಆದರೆ ಅವರ ಮೊಮ್ಮಗಳು ಒಂದು ಮಾತು ಕೇಳಿತು. ಮೂರನೇ ಕ್ಲಾಸಿನ ಮಗು. "ಮಾಮ, ಅರ್ಧ ಕೆಲಸ ಆಗಿದೆ ಅಂತ ಒಂದು ಚೀಟೀಲಿ ಬರೆದು ಇಟ್ಟಿರಬಹುದಿತ್ತಲ್ವಾ?" ಅಂತು.

ನನಗೆ ಉತ್ತರ ಬರಲಿಲ್ಲ. ನನಗೆ ಬರೆಯಲು ಬರುತ್ತಿರಲಿಲ್ಲ. ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ. ತಲೆ ಒಂದು ಸಲ ಮರೆಯಿತು. ಐದು ಜೀವ ಹೋಗುತ್ತಿತ್ತು.

ಅದೇ ವರ್ಷ ಈ ಸಂಜೆ ತರಗತಿಗೆ ಬಂದು ಸೇರಿದೆ.

ನಟ್ಟು ಯಾಕೆ ಸಡಿಲವಾಗುತ್ತದೆ?

ನಾನು ಮಾಡಿದ್ದು ಮರೆವಿನ ತಪ್ಪು. ಆದರೆ ಸರಿಯಾಗಿ ಬಿಗಿ ಮಾಡಿದ ನಟ್ಟೂ ಸಡಿಲವಾಗಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ನೀವು ಟೆಂಪೋಗೆ ಕೋಸಿನ ಮೂಟೆ ಹೇರುತ್ತೀರಿ. ಹಗ್ಗ ಎಳೆದು ಬಿಗಿಯಾಗಿ ಕಟ್ಟುತ್ತೀರಿ. ಗಾಡಿ ಸ್ವಲ್ಪ ದೂರ ಹೋಗುತ್ತದೆ. ಕುಲುಕಾಟಕ್ಕೆ ಮೂಟೆ ತಗ್ಗುತ್ತದೆ. ಆಗ ಹಗ್ಗ ಸಡಿಲವಾಗುತ್ತದೆ. ಬುದ್ಧಿವಂತ ಡ್ರೈವರ್ ಗಾಡಿ ನಿಲ್ಲಿಸಿ ಹಗ್ಗ ಇನ್ನೊಂದು ಸಲ ಎಳೆಯುತ್ತಾನೆ. ಅಲ್ಲವೇ?

ಚಕ್ರದಲ್ಲೂ ಹಾಗೆಯೇ. ಚಕ್ರ ಬಂದು ಕೂರುವ ಜಾಗಕ್ಕೆ ಹಬ್ ಅನ್ನುತ್ತಾರೆ. ನಟ್ಟು ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಚಕ್ರ ಮತ್ತು ಹಬ್ಬಿನ ನಡುವೆ ಮಣ್ಣು ಇರಬಹುದು. ತುಕ್ಕು ಇರಬಹುದು. ಹೊಸ ಬಣ್ಣ ಇರಬಹುದು. ಬಿಗಿ ಮಾಡುವಾಗ ಅದೆಲ್ಲ ಗಟ್ಟಿಯಾಗಿಯೇ ಇರುತ್ತದೆ. ಗಾಡಿ ಓಡಿದ ಮೇಲೆ ಅದು ಪುಡಿಯಾಗಿ ಉದುರುತ್ತದೆ. ಕೂದಲೆಳೆಯಷ್ಟು ಜಾಗ ಬಿಡುತ್ತದೆ. ಅಷ್ಟು ಸಾಕು, ನಟ್ಟಿನ ಹಿಡಿತ ಕಮ್ಮಿಯಾಗುತ್ತದೆ. ಘಾಟಿ ಇಳಿಯುವಾಗ ಬ್ರೇಕು ಕಾಯುತ್ತದೆ, ಆಮೇಲೆ ಆರುತ್ತದೆ. ಇದರಿಂದಲೂ ಹಿಡಿತ ಸ್ವಲ್ಪ ಕಮ್ಮಿಯಾಗಬಹುದು.

ಹಾಗಾದರೆ ಮೈಬಲ ಎಲ್ಲ ಹಾಕಿ ಬಿಗಿ ಮಾಡಿದರೆ ಆಯಿತಲ್ಲ? ಇಲ್ಲ. ಅದೂ ತಪ್ಪು. ಬಿಗಿ ಮಾಡಿದಾಗ ಸ್ಟಡ್ಡು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ರಬ್ಬರ್ ಬ್ಯಾಂಡಿನ ಹಾಗೆ ವಾಪಸ್ ಎಳೆಯುತ್ತದೆ. ಆ ಎಳೆತವೇ ಚಕ್ರವನ್ನು ಹಿಡಿದಿಡುವುದು. ಅಳತೆ ಮೀರಿ ತಿರುಗಿಸಿದರೆ ಸ್ಟಡ್ಡು ಹಿಗ್ಗಿ ಸತ್ತುಹೋಗುತ್ತದೆ. ಹಳೇ ರಬ್ಬರ್ ಬ್ಯಾಂಡಿನ ಹಾಗೆ ಎಳೆತ ಇರುವುದಿಲ್ಲ. ಮುಂದೊಂದು ದಿನ ಮುರಿಯಬಹುದು. ಸ್ಪ್ಯಾನರ್ ಮೇಲೆ ಹತ್ತಿ ಕುಣಿಯುವುದು, ಪೈಪು ಸಿಕ್ಕಿಸಿ ತಿರುಗಿಸುವುದು ಬೇಡ. ಗಾಳಿ ಗನ್ನಿನಲ್ಲಿ ಟರ್ರ್ ಅಂತ ಬಿಗಿ ಮಾಡಿ ಹಾಗೇ ಬಿಡುವುದೂ ಬೇಡ. ಕೆಲವರು ಸ್ಟಡ್ಡಿಗೆ ಎಣ್ಣೆ, ಗ್ರೀಸು ಹಚ್ಚುತ್ತಾರೆ. ಎಣ್ಣೆ ಹಚ್ಚಿದರೆ ನಟ್ಟು ಜಾರಿ ಅಳತೆಗಿಂತ ಹೆಚ್ಚು ಬಿಗಿಯಾಗುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳದೆ ಇದ್ದರೆ ಎಣ್ಣೆ ಹಚ್ಚಬೇಡಿ.

ಎಷ್ಟು ಬಿಗಿ ಇರಬೇಕು?

ಕಾರು ಕೊಂಡಾಗ ಒಂದು ಪುಸ್ತಕ ಕೊಡುತ್ತಾರೆ. ಅದು ಸೀಟಿನ ಮುಂದಿನ ಡಬ್ಬದಲ್ಲಿ ಧೂಳು ತಿನ್ನುತ್ತಾ ಇರುತ್ತದೆ. ಅದರಲ್ಲಿ ಚಕ್ರದ ನಟ್ಟು ಎಷ್ಟು ಬಿಗಿ ಇರಬೇಕು ಅಂತ ಬರೆದಿದೆ. ಆ ಲೆಕ್ಕಕ್ಕೆ ನ್ಯೂಟನ್ ಮೀಟರ್ ಅನ್ನುತ್ತಾರೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಇರುತ್ತದೆ. ನಿಮ್ಮ ಗಾಡಿಗೆ ಎಷ್ಟು ಅನ್ನುವುದನ್ನು ನಿಮ್ಮ ಗಾಡಿಯ ಪುಸ್ತಕದಲ್ಲೇ ನೋಡಿ.

ಹೆಸರು ಕೇಳಿ ಹೆದರಬೇಡಿ. ಲೆಕ್ಕ ಸುಲಭ. ಒಂದು ಮೀಟರ್ ಉದ್ದದ ಸ್ಪ್ಯಾನರ್ ಇದೆ ಅಂದುಕೊಳ್ಳಿ. ಅದನ್ನು ನೆಲಕ್ಕೆ ಸಮವಾಗಿ ನಟ್ಟಿಗೆ ಹಾಕಿ. ತುದಿಗೆ 10 ಕಿಲೋ ತೂಕ ನೇತು ಹಾಕಿ. ಆಗ ಬರುವ ಬಲ ಸುಮಾರು 98 ನ್ಯೂಟನ್ ಮೀಟರ್. ಸ್ಪ್ಯಾನರ್ ಅರ್ಧ ಮೀಟರ್ ಆದರೆ 20 ಕಿಲೋ ಬೇಕು. ಕಾಲು ಮೀಟರ್, ಅಂದರೆ 25 ಸೆಂಟಿಮೀಟರ್ ಆದರೆ 40 ಕಿಲೋ ಬೇಕು. ಸ್ಪ್ಯಾನರ್ ಗಿಡ್ಡ ಆದಷ್ಟೂ ಕೈಯ ಬಲ ಹೆಚ್ಚು ಬೇಕು.

ಈ ಬಲವನ್ನು ಅಳೆಯುವ ಒಂದು ಸ್ಪ್ಯಾನರ್ ಇದೆ. ಅದರ ಹೆಸರು ಟಾರ್ಕ್ ರೆಂಚು. ಅದರ ಮೇಲೆ ನಂಬರ್ ಇರುತ್ತದೆ. ಬೇಕಾದ ನಂಬರಿಗೆ ತಿರುಗಿಸಿ ಇಡಬೇಕು. ಅಷ್ಟು ಬಿಗಿಯಾದ ಕೂಡಲೇ ಅದು "ಟಿಕ್" ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಅಂಕಿ ಓದಲು ಬಂದರೆ ಯಾರು ಬೇಕಾದರೂ ಇದನ್ನು ಬಳಸಬಹುದು.

ಚಕ್ರ ಹಾಕುವ ಕ್ರಮ

ದಾರಿಯಲ್ಲಿ ಪಂಚರ್ ಆದರೆ ನೀವೇ ಸ್ಟೆಪ್ನಿ ಹಾಕಬೇಕಾಗುತ್ತದೆ. ಅದಕ್ಕೇ ಕ್ರಮ ತಿಳಿದಿರಲಿ.

ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಗೇರಿನಲ್ಲಿ ಇಡಿ. ನೆಲದ ಮೇಲಿರುವ ಬೇರೆ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಗಾಡಿ ಎತ್ತುವ ಮೊದಲೇ ನಟ್ಟನ್ನು ಸ್ವಲ್ಪ ಸಡಿಲ ಮಾಡಿ. ಆಮೇಲೆ ಜಾಕಿ ಎತ್ತಿ. ಜಾಕಿಯ ಮೇಲೆ ಇರುವ ಗಾಡಿಯ ಕೆಳಗೆ ಯಾವತ್ತೂ ನುಗ್ಗಬೇಡಿ.

ಚಕ್ರ ಹಾಕುವ ಮೊದಲು ಹಬ್ಬಿನ ಮುಖವನ್ನು, ಚಕ್ರದ ಮುಖವನ್ನು ಬಟ್ಟೆಯಲ್ಲಿ ಒರೆಸಿ. ಮಣ್ಣು, ತುಕ್ಕು ತೆಗೆಯಿರಿ. ನಟ್ಟಿನ ಒಂದು ಕಡೆ ಚೂಪಾಗಿ ಇಳಿಜಾರು ಇದ್ದರೆ ಆ ಕಡೆ ಚಕ್ರಕ್ಕೆ ಮುಖ ಮಾಡಿರಬೇಕು. ಮೊದಲು ಎಲ್ಲ ನಟ್ಟನ್ನೂ ಕೈಬೆರಳಿನಲ್ಲೇ ತಿರುಗಿಸಿ. ಕೈಯಲ್ಲಿ ಸಲೀಸಾಗಿ ಹೋಗದೆ ಇದ್ದರೆ ಅಡ್ಡ ಕೂತಿದೆ ಅಂತ ಅರ್ಥ. ತೆಗೆದು ಮತ್ತೆ ಹಾಕಿ.

ಬಿಗಿ ಮಾಡುವಾಗ ಸಾಲಾಗಿ ಮಾಡಬಾರದು. ಎದುರು ಬದುರು ಮಾಡಬೇಕು. ನಾಲ್ಕು ನಟ್ಟು ಇದ್ದರೆ ಮೇಲಿನದು, ಕೆಳಗಿನದು, ಎಡದ್ದು, ಬಲದ್ದು. ಐದು ನಟ್ಟು ಇದ್ದರೆ ಒಂದು ಬಿಟ್ಟು ಒಂದು. ಮಕ್ಕಳು ಪೆನ್ಸಿಲ್ ಎತ್ತದೆ ನಕ್ಷತ್ರ ಬರೆಯುತ್ತಾರಲ್ಲ, ಹಾಗೆ. ಆಗ ಚಕ್ರ ಓರೆಯಾಗದೆ ಸಮನಾಗಿ ಕೂರುತ್ತದೆ. ಚಕ್ರ ಮೇಲೆ ಇರುವಾಗ ಸ್ವಲ್ಪ ಬಿಗಿ ಮಾಡಿ. ಜಾಕಿ ಇಳಿಸಿ, ಚಕ್ರ ನೆಲಕ್ಕೆ ತಾಗಿದ ಮೇಲೆ ಪೂರಾ ಬಿಗಿ ಮಾಡಿ. ನಾನು ಆವತ್ತು ಬಿಟ್ಟದ್ದು ಈ ಕೊನೆಯ ಕೆಲಸವನ್ನೇ.

ಎರಡು ಸಲ ನೋಡಿ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಗ್ಯಾರೇಜಿನಿಂದ ಗಾಡಿ ಬಂದಾಗ ಎರಡು ಸಲ ನಟ್ಟು ನೋಡಬೇಕು.

ಮೊದಲನೇ ಸಲ ಗ್ಯಾರೇಜಿನಲ್ಲೇ. "ಚಕ್ರ ಬಿಚ್ಚಿದ್ರಾ? ಯಾವ ಚಕ್ರ?" ಅಂತ ಕೇಳಿ. ಬಿಲ್ಲು ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಇರಬಹುದು. ಓದಲು ಬಾರದಿದ್ದರೆ ನಾಚಿಕೆ ಬೇಡ, ಬಾಯಲ್ಲಿ ಕೇಳಿ. ಬ್ರೇಕ್ ಕೆಲಸ, ಟೈರ್ ಬದಲಾವಣೆ, ವೀಲ್ ಬ್ಯಾಲೆನ್ಸಿಂಗ್, ಪಂಚರ್ ಅಂತ ಇದ್ದರೆ ಸಾಮಾನ್ಯವಾಗಿ ಚಕ್ರ ಬಿಚ್ಚಿರುತ್ತಾರೆ. "ನನ್ನ ಕಣ್ಣ ಮುಂದೆ ಒಂದು ಸಲ ನೋಡಿ" ಅಂತ ಕೇಳಿ. ಟಾರ್ಕ್ ರೆಂಚನ್ನು ಪುಸ್ತಕದ ನಂಬರಿಗೆ ಇಟ್ಟು ಒಂದೊಂದೇ ನಟ್ಟನ್ನು ಬಿಗಿಯುವ ಕಡೆಗೆ ನಿಧಾನವಾಗಿ ಎಳೆಯಬೇಕು. ನಟ್ಟು ಅಲುಗದೆ "ಟಿಕ್" ಅಂದರೆ ಅದು ಸಡಿಲ ಇಲ್ಲ. ನಟ್ಟು ತಿರುಗಿದರೆ ಸಡಿಲ ಇತ್ತು ಅಂತ ಅರ್ಥ.

ಎರಡನೇ ಸಲ ಗಾಡಿ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ. ಪುಸ್ತಕದಲ್ಲಿ ಬೇರೆ ಲೆಕ್ಕ ಬರೆದಿದ್ದರೆ ಅದರಂತೆ ಮಾಡಿ. ಚಕ್ರ ತಣ್ಣಗಿರುವಾಗ ನೋಡಿ. ನಿಮ್ಮ ಹತ್ತಿರ ಟಾರ್ಕ್ ರೆಂಚು ಇಲ್ಲದೆ ಇದ್ದರೆ ಗಾಡಿಯ ಜೊತೆ ಬಂದ ಸ್ಪ್ಯಾನರ್‌ನಲ್ಲಿ ಕೈಯಿಂದ ಒತ್ತಿ ನೋಡಿ. ಸಡಿಲ ಇದ್ದರೆ ಗೊತ್ತಾಗುತ್ತದೆ. ಆಮೇಲೆ ಟಾರ್ಕ್ ರೆಂಚು ಇರುವ ಗ್ಯಾರೇಜಿನಲ್ಲಿ ತೋರಿಸಿ. ಕೆಲವು ಹಳೇ ಲಾರಿಗಳಲ್ಲಿ ಎಡಗಡೆ ಚಕ್ರದ ನಟ್ಟು ಉಲ್ಟಾ ತಿರುಗುತ್ತದೆ. ಅದನ್ನು ಗೊತ್ತಿದ್ದವರೇ ಮುಟ್ಟಬೇಕು.

ಕೇಳಿದರೆ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುತ್ತಾನೆ ಅಂತ ಕೆಲವರು ಸುಮ್ಮನಿರುತ್ತಾರೆ. ಮೆಕ್ಯಾನಿಕ್ ನಾನೇ ಹೇಳುತ್ತೇನೆ, ಕೇಳಿ. ಕೇಳುವುದು ಅಪನಂಬಿಕೆ ಅಲ್ಲ. ದುಡ್ಡು ಕೊಟ್ಟಾಗ ಅಂಗಡಿಯವನು ಎಣಿಸಿಕೊಳ್ಳುತ್ತಾನೆ. ನಾವು ಬೇಜಾರು ಮಾಡಿಕೊಳ್ಳುತ್ತೇವಾ? ಆವತ್ತು ಆ ಅಣ್ಣ ಒಂದು ಮಾತು ಕೇಳಿದ್ದರೆ ನನ್ನ ತಪ್ಪು ನನ್ನ ಅಂಗಡಿಯಲ್ಲೇ ಸಿಕ್ಕುತ್ತಿತ್ತು.

ಕೂತವರೂ ಕಿವಿ ಕೊಡಿ

ಗಾಡಿ ಓಡಿಸದವರಿಗೂ ಒಂದು ಕೆಲಸ ಇದೆ. ಕಿವಿ ಕೊಡುವುದು. ಚಕ್ರದ ಕಡೆಯಿಂದ ಟಕ್ ಟಕ್ ಸದ್ದು ಬರುತ್ತದೆಯಾ? ವೇಗ ಹೆಚ್ಚಾದರೆ ಸದ್ದು ಬೇಗ ಬೇಗ, ಕಮ್ಮಿಯಾದರೆ ನಿಧಾನವಾಗಿ ಬರುತ್ತದೆಯಾ? ಸ್ಟೀರಿಂಗು ನಡುಗುತ್ತದೆಯಾ? ಸೀಟಿನ ಕೆಳಗೆ ಗಾಡಿ ಅಲ್ಲಾಡಿದ ಹಾಗೆ ಆಗುತ್ತದೆಯಾ? ಹಾಗಿದ್ದರೆ "ನಿಲ್ಸಪ್ಪ" ಅನ್ನಿ. ಡ್ರೈವರ್ ಒಮ್ಮೆಲೇ ಬ್ರೇಕ್ ಒತ್ತಬಾರದು. ನಿಧಾನ ಮಾಡಿ, ತಿರುವು ಇಲ್ಲದ ಜಾಗ ನೋಡಿ, ಪಕ್ಕಕ್ಕೆ ನಿಲ್ಲಿಸಬೇಕು.

ನಟ್ಟು ಸಡಿಲ ಆಗಿಯೇ ಗಾಡಿ ಓಡಿದ್ದರೆ ಬರೀ ಬಿಗಿ ಮಾಡಿ ಹೊರಡಬೇಡಿ. ಚಕ್ರದ ತೂತು ಮೊಟ್ಟೆ ಆಕಾರ ಆಗಿರಬಹುದು. ಸ್ಟಡ್ಡು ಸವೆದಿರಬಹುದು. ನಟ್ಟಿನ ಸುತ್ತ ತುಕ್ಕಿನ ಗೆರೆ, ಹೊಳೆಯುವ ಗೀರು ಇದ್ದರೆ ಎಚ್ಚರ. ತಿಳಿದವರಿಂದ ಚಕ್ರ ಬಿಚ್ಚಿಸಿ ತೋರಿಸಿ. ಒಂದು ನಟ್ಟು ಸಡಿಲ ಸಿಕ್ಕರೆ ನಾಲ್ಕು ಚಕ್ರದ ನಟ್ಟನ್ನೂ ನೋಡಿ.

ಆವತ್ತು ಐದು ಜನರನ್ನು ಉಳಿಸಿದ್ದು ಸ್ಪ್ಯಾನರ್ ಅಲ್ಲ. ಸದ್ದು ಕೇಳಿ "ನಿಲ್ಸು" ಅಂದ ಆ ಅಜ್ಜಿ. ಅವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಆದರೆ ಚಿಕ್ಕವರಿದ್ದಾಗ ಎತ್ತಿನ ಗಾಡಿಯಲ್ಲಿ ಓಡಾಡಿದ್ದರು. ಚಕ್ರ ಸದ್ದು ಮಾಡಿದರೆ ಇಳಿದು ನೋಡಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

ನನ್ನ ನೋಟ್ ಬುಕ್ಕು

ತರಗತಿಗೆ ಸೇರಿದ ಮೇಲೆ ಮೇಷ್ಟ್ರು ಕೇಳಿದರು, "ಮೊದಲು ಯಾವ ಪದ ಬರೀಬೇಕು ನಿನಗೆ?" ಎಲ್ಲರೂ ತಮ್ಮ ಹೆಸರು ಅನ್ನುತ್ತಾರೆ. ನಾನು "ನಟ್ಟು" ಅಂದೆ. ಕಷ್ಟಪಟ್ಟು ಬರೆದೆ. "ನಟು" ಅಂತ ಬರೆದಿದ್ದೆ. ಮೇಷ್ಟ್ರು ನಕ್ಕರು. "ನಿನ್ನ ನಟ್ಟಿಗೆ ಒತ್ತು ಬಿಟ್ಟು ಹೋಗಿದೆಯಲ್ಲಪ್ಪ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನಸ್ಸಿಗೆ ನಾಟಿತು. ಆಮೇಲೆ ಒಂದು ದಿನವೂ ಆ ಒತ್ತು ಬಿಟ್ಟಿಲ್ಲ, ಬರೆಯುವಾಗಲೂ, ಬಿಗಿ ಮಾಡುವಾಗಲೂ.

ಈಗ ನನ್ನ ಅಂಗಡಿಯಲ್ಲಿ ಒಂದು ನೋಟ್ ಬುಕ್ಕು ಇದೆ. ಚಕ್ರ ಬಿಚ್ಚಿದ ಕೂಡಲೇ ಬರೆಯುತ್ತೇನೆ. ದಿನ, ಗಾಡಿ ನಂಬರು, ಯಾವ ಚಕ್ರ, ಮೀಟರಿನಲ್ಲಿ ಎಷ್ಟು ಕಿಲೋಮೀಟರ್. ಪೂರಾ ಬಿಗಿ ಮಾಡಿದ ಮೇಲೆ ಮುಂದೆ ಗೆರೆ ಎಳೆಯುತ್ತೇನೆ. ಗೆರೆ ಬೀಳದ ಗಾಡಿ ಅಂಗಡಿ ಬಿಟ್ಟು ಹೋಗುವುದಿಲ್ಲ. ಒಂದು ಚೀಟಿ ಬರೆದು ಗಿರಾಕಿ ಕೈಗೂ ಕೊಡುತ್ತೇನೆ. ಮೀಟರಿನಲ್ಲಿ 42,300 ಇದ್ದರೆ, "42,400 ಆಗುವ ಮೊದಲು ನಟ್ಟು ನೋಡಿಸಿ" ಅಂತ ಬರೆಯುತ್ತೇನೆ. ಕನ್ನಡದಲ್ಲೇ ಬರೆಯುತ್ತೇನೆ. ಆ ಚೀಟಿ ಹಿಡಿದು ವಾಪಸ್ ಬಂದರೆ ದುಡ್ಡು ತೆಗೆದುಕೊಳ್ಳದೆ ನೋಡಿ ಕೊಡುತ್ತೇನೆ.

ಆ ಓಮ್ನಿ ಅಣ್ಣ ಈಗಲೂ ನನ್ನ ಹತ್ತಿರವೇ ಗಾಡಿ ಬಿಡುತ್ತಾರೆ. ಪ್ರತಿ ಸಲವೂ "ನಟ್ಟು ನೋಡ್ದಾ?" ಅಂತ ಕೇಳುತ್ತಾರೆ. ನಾನು ಪ್ರತಿ ಸಲವೂ ಬುಕ್ಕು ತೆರೆದು ತೋರಿಸುತ್ತೇನೆ.

ಬೋರ್ಡಿನ ಮೇಲೆ ಐದು ಸಾಲು ಬರೆದಿದ್ದೇನೆ. ಎಲ್ಲರೂ ಗಟ್ಟಿಯಾಗಿ ಓದಿ.

1. ಚಕ್ರ ಬಿಚ್ಚಿದರೇ ಎಂದು ಕೇಳಿ.
2. ಹೊರಡುವ ಮೊದಲು ನಟ್ಟು ನೋಡಿ.
3. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೆ ನೋಡಿ.
4. ಸದ್ದು ಬಂದರೆ ನಿಲ್ಲಿಸಿ.
5. ಮರೆಯದಂತೆ ಬರೆದಿಡಿ.

ಐದನೇ ಸಾಲನ್ನು ಇನ್ನೊಂದು ಸಲ ಓದಿ. ನಾನು ಈ ಕೇಂದ್ರಕ್ಕೆ ಬಂದದ್ದು ಅದೊಂದಕ್ಕೇ.